ಪೈಥಾನ್ ಕೋಡಿನ ಅಚ್ಚುಕಟ್ಟು

ಬರೆದವರು ಪಕ್ಕದಲ್ಲಿ ಇಲ್ಲದಿದ್ದರೂ ಇನ್ನೊಬ್ಬರು ಓದಿ ತಿಳಿದುಕೊಳ್ಳಬಲ್ಲ, ಬೇಕಾದಲ್ಲಿ ತಿದ್ದಬಲ್ಲ, ತಿದ್ದಿದ ಮೇಲೆ ಬೇರೆಲ್ಲೂ ಏನೂ ಕೆಟ್ಟಿಲ್ಲವೆಂದು ಖಾತ್ರಿ ಮಾಡಿಕೊಳ್ಳಬಲ್ಲ ಪೈಥಾನ್ ಕೋಡನ್ನು ಅಚ್ಚುಕಟ್ಟಾದ ಕೋಡ್ ಎನ್ನುತ್ತಾರೆ. ಈ ಗುಣಗಳಲ್ಲಿ ಯಾವುದೂ ಯಂತ್ರಕ್ಕೆ ಬೇಕಾದದ್ದಲ್ಲ. ಒಂದು ಸಂಖ್ಯೆಗೆ ‘ಅ’ ಎಂದು ಹೆಸರಿಟ್ಟರೂ ‘ಮಳೆ_ಮಿಮೀ’ ಎಂದು ಹೆಸರಿಟ್ಟರೂ ಇಂಟರ್‌ಪ್ರಿಟರ್ ಕೊಡುವ ಉತ್ತರ ಒಂದೇ. ವ್ಯತ್ಯಾಸ ತಟ್ಟುವುದು ಆರು ತಿಂಗಳ ನಂತರ ಆ ಕಡತವನ್ನು ತೆರೆಯುವ ಮನುಷ್ಯರಿಗೆ. ಬರೆಯುವಾಗ ಮನಸ್ಸಿನಲ್ಲಿದ್ದು ಕೋಡಿನಲ್ಲಿ ಕಾಣದೆ ಉಳಿದ ಊಹೆಗಳೇ ಅವರನ್ನು ಹೆಚ್ಚಾಗಿ ಕಾಡುತ್ತವೆ. ‘ದಿನ’ ಎಂದರೆ ಎಲ್ಲಿಂದ ಎಲ್ಲಿಯವರೆಗೆ, ‘ಅಕ್ಷರ’ ಎಂದರೆ ಯಾವುದು, ಖಾಲಿ ಬಿಟ್ಟ ಕೋಶಕ್ಕೆ ಏನರ್ಥ ಎಂಬ ಬಗೆಯ ಊಹೆಗಳು ಅವು. ಕನ್ನಡ ಪಠ್ಯವನ್ನೂ ಕರಾವಳಿಯ ಮಳೆ, ಅಡಿಕೆ ಧಾರಣೆಗಳ ಲೆಕ್ಕವನ್ನೂ ಪೈಥಾನ್‌ಗೆ ಒಪ್ಪಿಸಿದಾಗ ಇವು ಬೇಗನೆ ಮೇಲೆ ಬರುವುದರಿಂದ ಈ ಲೇಖನದ ಉದಾಹರಣೆಗಳು ಬಹುಪಾಲು ಅಲ್ಲಿಯವೇ.

ಹಿನ್ನೆಲೆ

ಗೀಡೊ ವಾನ್ ರಾಸಮ್ 1989ರ ಡಿಸೆಂಬರ್‌ನಲ್ಲಿ ಆಂಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಸಂಶೋಧನಾ ಸಂಸ್ಥೆಯಲ್ಲಿದ್ದಾಗ ಪೈಥಾನ್‌ನ ಕೆಲಸ ಆರಂಭಿಸಿದರು. 1991ರ ಫೆಬ್ರವರಿಯಲ್ಲಿ ಅದು ಮೊದಲ ಸಲ ಹೊರಬಂತು. ಅದಕ್ಕೆ ಮುಂಚೆ ಅವರು ದುಡಿದಿದ್ದು ಅದೇ ಸಂಸ್ಥೆಯ ಎಬಿಸಿ ಎಂಬ ಭಾಷೆಯ ಮೇಲೆ. ಹೊಸಬರಿಗೆ ಪ್ರೋಗ್ರಾಮಿಂಗ್ ಸುಲಭವಾಗಲಿ ಎಂದು ರೂಪಿಸಿದ್ದ ಆ ಭಾಷೆಯಿಂದಲೇ ಸಾಲನ್ನು ಒಳಸರಿಸಿ ಬರೆಯುವ ಕ್ರಮ ಪೈಥಾನ್‌ಗೆ ಬಂತು. ಸಿ, ಜಾವಾದಂಥ ಭಾಷೆಗಳಲ್ಲಿ ಒಂದು ಭಾಗ ಎಲ್ಲಿ ಶುರು, ಎಲ್ಲಿ ಮುಗಿತಾಯ ಎಂಬುದನ್ನು ಪುಷ್ಪಾವರಣ ಚಿಹ್ನೆಗಳು ಹೇಳುತ್ತವೆ. ಅಲ್ಲಿ ಒಳಸರಿಸುವುದು ಓದುವವರ ಮೇಲಿನ ದಾಕ್ಷಿಣ್ಯಕ್ಕೆ ಮಾತ್ರ. ಪೈಥಾನ್‌ನಲ್ಲಿ ಒಳಸರಿಸಿದ್ದೇ ವ್ಯಾಕರಣ, ಕಣ್ಣಿಗೆ ಕಂಡ ರಚನೆಯನ್ನೇ ಯಂತ್ರವೂ ಪಾಲಿಸುತ್ತದೆ. ಸ್ಪೇಸನ್ನೂ ಟ್ಯಾಬನ್ನೂ ಗೊಂದಲವಾಗುವಂತೆ ಬೆರೆಸಿದರೆ ಪೈಥಾನ್ 3 ಪ್ರೋಗ್ರಾಮನ್ನು ನಡೆಸದೆ ದೋಷ ತೋರಿಸಿ ನಿಲ್ಲುತ್ತದೆ. ಅಚ್ಚುಕಟ್ಟಿನ ಇಷ್ಟು ಭಾಗ ಭಾಷೆಯ ಕಡ್ಡಾಯ, ಮಿಕ್ಕದ್ದು ಬರೆಯುವವರ ಜವಾಬ್ದಾರಿ.

ಆ ಮಿಕ್ಕದ್ದಕ್ಕೆ ದಾರಿ ತೋರಿದ ಮುಖ್ಯ ದಾಖಲೆಯ ಹೆಸರು ಪೆಪ್ 8. ಪೈಥಾನ್ ಸಮುದಾಯದ ಸುಧಾರಣಾ ಪ್ರಸ್ತಾವಗಳಿಗೆ ಪೆಪ್ ಎನ್ನುತ್ತಾರೆ. ಎಂಟನೆಯದು 2001ರ ಜುಲೈನಲ್ಲಿ ವಾನ್ ರಾಸಮ್, ಬ್ಯಾರಿ ವಾರ್ಸಾ ಅವರ ಹೆಸರಿನಲ್ಲಿ ಬಂತು. ಒಳಸರಿಸಲು ನಾಲ್ಕು ಸ್ಪೇಸ್, ಸಾಲಿಗೆ ಹೆಚ್ಚೆಂದರೆ 79 ಅಕ್ಷರಸ್ಥಾನ, ಫಂಕ್ಷನ್ನಿನ ಹೆಸರಿನ ಪದಗಳ ನಡುವೆ ಅಡಿಗೆರೆ, ಹೊರಗಿನಿಂದ ತರುವ ಮಾಡ್ಯೂಲುಗಳು ಕಡತದ ತಲೆಯಲ್ಲಿ ಎಂಬಂಥ ನಿಯಮಗಳು ಅದರಲ್ಲಿವೆ. ಪೈಥಾನ್‌ನ ಸ್ವಂತ ಲೈಬ್ರರಿಗಾಗಿ ಬರೆದ ಈ ನಿಯಮಗಳನ್ನು ಕ್ರಮೇಣ ಎಲ್ಲರೂ ಹಿಡಿದರು. ಒಂದು ಯೋಜನೆಯೊಳಗಿನ ಹೊಂದಾಣಿಕೆ ಈ ದಾಖಲೆಯ ಜೊತೆಗಿನ ಹೊಂದಾಣಿಕೆಗಿಂತ ಮುಖ್ಯ ಎಂದು ಪೆಪ್ 8 ತಾನೇ ಹೇಳುತ್ತದೆ. ಅದನ್ನು ಶಾಸನದಂತೆ ಹಿಡಿದು ಜಗಳವಾಡುವವರು ಈ ಮಾತನ್ನು ಸಾಮಾನ್ಯವಾಗಿ ಓದಿರುವುದಿಲ್ಲ. ಫಂಕ್ಷನ್ನಿನೊಳಗೇ ಇಡುವ ವಿವರಣೆಯಾದ ಡಾಕ್‌ಸ್ಟ್ರಿಂಗ್ ಬರೆಯುವ ಕ್ರಮವನ್ನು ಹೇಳುವ ಪೆಪ್ 257 ಕೂಡ 2001ರದೇ. ಟಿಮ್ ಪೀಟರ್ಸ್ ಬರೆದ 19 ಸೂಕ್ತಿಗಳು 2004ರಲ್ಲಿ ಪೆಪ್ 20 ಆದವು. ‘ಇಂಪೋರ್ಟ್ ದಿಸ್’ ಎಂದು ಆದೇಶ ಕೊಟ್ಟರೆ ಪೈಥಾನ್ ಅವನ್ನು ತೆರೆಯ ಮೇಲೆ ಮೂಡಿಸುತ್ತದೆ.

ಕರ್ನಾಟಕಕ್ಕೆ ಈ ಭಾಷೆಯೊಂದಿಗಿನ ನಂಟು ಹಳೆಯದು. ಬೆಂಗಳೂರಿನ ಬಳಕೆದಾರರ ಬಳಗ ‘ಬ್ಯಾಂಗ್‌ಪೈಪರ್ಸ್’ ದೇಶದ ಹಳೆಯ ಪೈಥಾನ್ ಬಳಗಗಳಲ್ಲಿ ಒಂದು. ಭಾರತದ ಮೊದಲ ಪೈಥಾನ್ ಸಮ್ಮೇಳನ ‘ಪೈಕಾನ್ ಇಂಡಿಯಾ’ 2009ರ ಸೆಪ್ಟೆಂಬರ್‌ನಲ್ಲಿ ನಡೆದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಈಗ ಪೈಥಾನ್ ಇದೆ, ಅಂದಮೇಲೆ ಭಟ್ಕಳದ ಅಂಜುಮನ್ ಕಾಲೇಜಿನಂಥ ಕರಾವಳಿಯ ಎಂಜಿನಿಯರಿಂಗ್ ಕಾಲೇಜುಗಳಿಗೂ ಅದು ಮುಟ್ಟಿದೆ. ಕನ್ನಡ ವಿಕಿಪೀಡಿಯದ ಪುಟಗಳಲ್ಲಿ ಯಾಂತ್ರಿಕ ತಿದ್ದುಪಡಿ ಮಾಡುವ ಬಾಟ್‌ಗಳಿಗೆ ನೆರವಾಗುವ ಪೈವಿಕಿಬಾಟ್ ಕೂಡ ಪೈಥಾನ್‌ನದೇ.

ಹೆಸರು

ಓದುಗರು ಕೋಡಿನಲ್ಲಿ ಮೊದಲು ನೋಡುವುದು ಹೆಸರುಗಳನ್ನು. ಮಳೆಯ ಅಳತೆ ಇರುವ ವೇರಿಯೇಬಲ್ಲಿಗೆ ‘ಡೇಟಾ’ ಎಂದು ಹೆಸರಿಟ್ಟರೆ ಏನನ್ನೂ ಹೇಳಿದಂತಾಗುವುದಿಲ್ಲ. ‘ಮಳೆ’ ಎಂದರೆ ಅರ್ಧ ತಿಳಿಯುತ್ತದೆ, ‘ಮಳೆ_ಮಿಮೀ’ ಎಂದರೆ ಅಳತೆಯ ಮಾನವೂ ತಿಳಿಯುತ್ತದೆ. ಇಂಚಿನಲ್ಲಿ ಬಂದ ಅಂಕಿಯನ್ನು ಮಿಲಿಮೀಟರ್ ಎಂದುಕೊಂಡು ಕೂಡಿಸುವ ತಪ್ಪು ಇಂಥ ಹೆಸರಿನ ಎದುರು ನಡೆಯುವುದು ಕಷ್ಟ. ಮಾಡುವ ಕೆಲಸವನ್ನು ಫಂಕ್ಷನ್ನಿನ ಹೆಸರು ಹೇಳಬೇಕು. ‘ಪ್ರೊಸೆಸ್’, ‘ಹ್ಯಾಂಡಲ್’ ಎಂಬಂಥ ಹೆಸರುಗಳಿದ್ದರೆ ಬರೆದವರಿಗೇ ಕೆಲಸ ಸ್ಪಷ್ಟವಿರಲಿಲ್ಲ ಎಂದು ತಿಳಿಯಬಹುದು. ಹೌದು, ಅಲ್ಲ ಎಂದು ಉತ್ತರಿಸುವ ಫಂಕ್ಷನ್ನಿಗೆ ಪ್ರಶ್ನೆಯ ರೂಪದ ಹೆಸರು ಒಪ್ಪುತ್ತದೆ. ‘ಮಳೆದಿನವೇ’ ಎಂಬ ಹೆಸರು ಕಂಡರೆ ಒಳಗೆ ಹೋಗಿ ನೋಡುವ ಅಗತ್ಯವೇ ಬೀಳದು. ಹೆಸರಿನ ಉದ್ದ ಅದರ ವ್ಯಾಪ್ತಿಗೆ ತಕ್ಕಂತಿರಬೇಕು. ಎರಡು ಸಾಲಿನ ಲೂಪಿನೊಳಗೆ ಒಂದಕ್ಷರದ ಹೆಸರು ತಪ್ಪಲ್ಲ, ಕಡತದುದ್ದಕ್ಕೂ ಬಳಕೆಯಾಗುವುದಕ್ಕೆ ಅದು ಸಲ್ಲದು. ಕಾಲೇಜು ಲ್ಯಾಬ್ ರೆಕಾರ್ಡ್‌ಗಳಲ್ಲಿ ಒಂದಕ್ಷರದ ಹೆಸರುಗಳೇ ತುಂಬಿರುವುದಕ್ಕೆ ಕೈಯಲ್ಲಿ ನಕಲು ಮಾಡುವ ಶ್ರಮ ಕಾರಣವಿರಬಹುದು, ಆದರೆ ಅದೇ ಅಭ್ಯಾಸ ನೌಕರಿಗೂ ಜೊತೆಯಾಗಿ ಬರುತ್ತದೆ.

ಮೇಲಿನ ಉದಾಹರಣೆಗಳು ಕನ್ನಡದಲ್ಲಿರುವುದು ಬರೀ ವಿವರಣೆಯ ಅನುಕೂಲಕ್ಕಲ್ಲ. 2008ರ ಡಿಸೆಂಬರ್‌ನಲ್ಲಿ ಬಂದ ಪೈಥಾನ್ 3.0ರಿಂದ ಕನ್ನಡ ಲಿಪಿಯ ಹೆಸರುಗಳನ್ನು ಭಾಷೆ ನೇರವಾಗಿ ಒಪ್ಪುತ್ತದೆ. ಪೆಪ್ 3131 ಇದಕ್ಕೆ ಅವಕಾಶ ಕೊಟ್ಟಿತು. ಪ್ರಾಥಮಿಕ ಹಂತದ ಮಕ್ಕಳಿಗೆ ಕಲಿಸುವಾಗ ಇದರಿಂದ ಲಾಭವುಂಟು, ‘ಒಟ್ಟು’, ‘ಸರಾಸರಿ’ ಎಂಬ ಹೆಸರುಗಳಲ್ಲಿ ಯೋಚಿಸುವ ಮಗು ಇಂಗ್ಲಿಷ್ ಹೆಸರುಗಳ ಹಂಗಿಲ್ಲದೆ ತರ್ಕವನ್ನು ಹಿಡಿಯುತ್ತದೆ. ದೊಡ್ಡ ಯೋಜನೆಗಳಲ್ಲಿ ಮಾತ್ರ ತೊಡಕು ಹಲವು. ಪೆಪ್ 8 ಹೇಳುವ ಸಂಪ್ರದಾಯ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವನ್ನು ನೆಚ್ಚಿದೆ. ಕ್ಲಾಸಿನ ಹೆಸರಿನಲ್ಲಿ ಪ್ರತಿ ಪದದ ಮೊದಲಕ್ಷರ ದೊಡ್ಡದು, ಬದಲಾಗದ ಬೆಲೆಗೆ ಎಲ್ಲ ಅಕ್ಷರವೂ ದೊಡ್ಡವು, ಫಂಕ್ಷನ್ನಿಗೆ ಎಲ್ಲವೂ ಚಿಕ್ಕವು. ಕನ್ನಡದಲ್ಲಿ ಈ ಭೇದವೇ ಇಲ್ಲ. ‘ಧಾರಣೆ’ ಎಂಬ ಹೆಸರು ಕ್ಲಾಸಿನದೋ ಫಂಕ್ಷನ್ನಿನದೋ ಸ್ಥಿರಾಂಕದ್ದೋ ನೋಟಕ್ಕೆ ತಿಳಿಯದು. ಕನ್ನಡದಲ್ಲೇ ಬರೆಯುವ ತಂಡ ತನ್ನದೇ ಗುರುತನ್ನು ಒಪ್ಪಂದ ಮಾಡಿಕೊಳ್ಳಬೇಕಾಗುತ್ತದೆ: ಕ್ಲಾಸಿಗೆ ‘ವರ್ಗ’ ಎಂಬ ಕೊನೆ, ಸ್ಥಿರಾಂಕಕ್ಕೆ ‘ಮಿತಿ’ ಎಂಬ ಕೊನೆ ಹೀಗೆ.

ಇನ್ನೊಂದು ತೊಡಕು ಕಣ್ಣಿಗೆ ಕಾಣದ್ದು. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜಕಾರದ ಕೆಳಗೆ ಕಕಾರ ಒತ್ತಾಗದಂತೆ ತಡೆಯುವುದು ನಡುವೆ ಅಡಗಿರುವ ಶೂನ್ಯ ಅಗಲದ ಚಿಹ್ನೆ. ಪೈಥಾನ್ ಹೆಸರುಗಳಲ್ಲಿ ಆ ಚಿಹ್ನೆಗೆ ಪ್ರವೇಶವಿಲ್ಲ, ಅದಿದ್ದರೆ ವ್ಯಾಕರಣ ದೋಷ. ಕನ್ನಡ ಅಂಕಿಗಳ ನಡವಳಿಕೆಯೂ ಹೀಗೆ ಎರಡು ಬಗೆ. ಪಠ್ಯವಾಗಿ ಬಂದ ‘೬೪’ ಎಂಬುದನ್ನು ಪೈಥಾನ್‌ನ ‘ಇಂಟ್’ ತಕರಾರಿಲ್ಲದೆ 64 ಎಂದು ಓದುತ್ತದೆ, ಅದನ್ನೇ ಕೋಡಿನಲ್ಲಿ ಸಂಖ್ಯೆಯಾಗಿ ಬರೆದರೆ ಒಪ್ಪುವುದಿಲ್ಲ. ಕಮೆಂಟುಗಳ ಬಗ್ಗೆ ಪೆಪ್ 8ರ ಸಲಹೆ ಖಡಾಖಂಡಿತ: ನಿಮ್ಮ ಭಾಷೆ ಬಾರದವರು ಎಂದೂ ಈ ಕೋಡನ್ನು ಓದಲಾರರೆಂಬ ಖಾತ್ರಿ ನೂರಕ್ಕಿಂತ ಹೆಚ್ಚು ಪಾಲು ಇದ್ದರೆ ಮಾತ್ರ ಇಂಗ್ಲಿಷ್ ಬಿಟ್ಟು ಬರೆಯಬಹುದು. ಕನ್ನಡ ಛಂದಸ್ಸನ್ನೋ ಸಂಧಿಯನ್ನೋ ಬಿಡಿಸುವ ಪ್ರೋಗ್ರಾಮಿಗೆ ಈ ಸಲಹೆ ಅಷ್ಟಾಗಿ ಹೊಂದದು. ಆದೇಶ ಸಂಧಿಯ ನಿಯಮವನ್ನು ಇಂಗ್ಲಿಷಿನಲ್ಲಿ ವಿವರಿಸಿದ ಕಮೆಂಟನ್ನು ಅರ್ಥಮಾಡಿಕೊಳ್ಳಬೇಕಾದವರು ಹೇಗೂ ಕನ್ನಡ ಬಲ್ಲವರೇ.

ಸಂಖ್ಯೆಯ ಹಿಂದಿನ ಅರ್ಥ

ಕುಮಟಾದಿಂದ ಶಿರಸಿಗೆ ಹೋಗುವ ರಸ್ತೆಯಲ್ಲಿ ಕತಗಾಲ ಸಿಗುತ್ತದೆ. ವರ್ಷಕ್ಕೆ 3000 ಮಿ.ಮೀ.ಗೂ ಮೀರಿ ಮಳೆ ಬೀಳುವ ಸೀಮೆ ಇದು. ಮಳೆಗಾಲದ ಜೋರಿಗೆ ಚಂಡಿಕಾ ಹೊಳೆ ಉಕ್ಕಿದರೆ ಈ ರಸ್ತೆಯ ಸಂಚಾರವೇ ನಿಂತುಹೋಗುತ್ತದೆ. ಇಂಥ ಊರಿನ ದಿನದ ಮಳೆಯನ್ನು ಓದಿ, ಅದು ಭಾರಿಯೋ ಅತಿ ಭಾರಿಯೋ ಎಂದು ಹೇಳುವ ಪುಟ್ಟ ಪ್ರೋಗ್ರಾಮನ್ನು ಉದಾಹರಣೆಗೆ ಇಟ್ಟುಕೊಳ್ಳಬಹುದು. ಭಾರತ ಹವಾಮಾನ ಇಲಾಖೆಯ ವಿಂಗಡಣೆಯಲ್ಲಿ 24 ಗಂಟೆಗಳಲ್ಲಿ 64.5ರಿಂದ 115.5 ಮಿ.ಮೀ. ಬಿದ್ದರೆ ಭಾರಿ ಮಳೆ, 115.6ರಿಂದ 204.4ರವರೆಗೆ ಅತಿ ಭಾರಿ ಮಳೆ, ಅದಕ್ಕೂ ಮೀರಿದ್ದು ಅತ್ಯಧಿಕ ಭಾರಿ ಮಳೆ. 2.5 ಮಿ.ಮೀ. ಅಥವಾ ಹೆಚ್ಚು ಬಿದ್ದ ದಿನವನ್ನು ಮಳೆದಿನ ಎಂದು ಲೆಕ್ಕ ಹಿಡಿಯುತ್ತಾರೆ.

ಕೋಡಿನ ನಡುವೆ ಹೆಸರಿಲ್ಲದೆ ಕುಳಿತ 64.5 ಎಂಬ ಸಂಖ್ಯೆ ಓದುಗರಿಗೆ ಒಗಟು. ಅದೇ ಸಂಖ್ಯೆಯನ್ನು ಕಡತದ ಮೇಲ್ಭಾಗದಲ್ಲಿ ‘ಭಾರಿ_ಮಳೆ_ಮಿತಿ’ ಎಂದು ಹೆಸರಿಸಿ ಎಲ್ಲೆಡೆ ಆ ಹೆಸರನ್ನೇ ಬಳಸಿದರೆ ಅರ್ಥವೂ ತಿಳಿಯುತ್ತದೆ, ಮಿತಿ ಬದಲಾದ ದಿನ ತಿದ್ದಬೇಕಾದ ಜಾಗವೂ ಒಂದೇ ಆಗುತ್ತದೆ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಇಲಾಖೆಯ ಪಟ್ಟಿಯನ್ನು ಇದ್ದಂತೆಯೇ ಕೋಡಿಗೆ ಇಳಿಸಿ ಪ್ರತಿ ವರ್ಗಕ್ಕೂ ಕೆಳಗಿನ, ಮೇಲಿನ ಎರಡು ಮಿತಿ ಬರೆದರೆ 115.5ಕ್ಕೂ 115.6ಕ್ಕೂ ನಡುವೆ ಬಿರುಕು ಉಳಿಯುತ್ತದೆ. ಮಾಪಕ ಒಂದೇ ದಶಮಾಂಶಕ್ಕೆ ಓದುವವರೆಗೆ ತೊಂದರೆ ಇಲ್ಲ. ನಾಲ್ಕಾರು ಕೇಂದ್ರಗಳ ಸರಾಸರಿ ತೆಗೆದು 115.55 ಬಂದ ದಿನ ಆ ಮಳೆ ಯಾವ ವರ್ಗಕ್ಕೂ ಸೇರದೆ ಹೋಗುತ್ತದೆ. ದೊಡ್ಡ ಮಿತಿಯಿಂದ ಶುರುಮಾಡಿ ಕೆಳಗಿಳಿಯುತ್ತ, ಪ್ರತಿ ಹೆಜ್ಜೆಯಲ್ಲೂ ಒಂದೇ ಮಿತಿಯನ್ನು ಕೇಳುವ ಕೋಡಿನಲ್ಲಿ ಬಿರುಕಿಗೆ ಜಾಗವಿಲ್ಲ. ಬರೆಯಬೇಕಾದ ಮಿತಿಗಳೂ ಕಡಿಮೆಯಾಗುತ್ತವೆ.

ಮಳೆ ಬಾರದ ದಿನ ಮತ್ತು ಅಳತೆಯೇ ಸಿಗದ ದಿನ ಎರಡೂ ಬೇರೆ. ಮೊದಲನೆಯದು 0.0, ಎರಡನೆಯದಕ್ಕೆ ಪೈಥಾನ್‌ನಲ್ಲಿ ‘ನನ್’ ಎಂಬ ವಿಶೇಷ ಬೆಲೆ ಇದೆ. ‘ಮಳೆ ಇದ್ದರೆ’ ಎಂಬ ಅರ್ಥದಲ್ಲಿ ಬರೀ ವೇರಿಯೇಬಲ್ಲನ್ನೇ ಷರತ್ತಾಗಿ ಬರೆದರೆ ಪೈಥಾನ್ ಸೊನ್ನೆಯನ್ನೂ ನನ್ ಅನ್ನೂ ಒಂದೇ ರೀತಿ ‘ಇಲ್ಲ’ ಎಂದು ಎಣಿಸುತ್ತದೆ. ಜನವರಿಯಲ್ಲಿ ಒಣಗಿದ್ದ ದಿನಗಳೆಲ್ಲ ಅಳತೆ ತಪ್ಪಿದ ದಿನಗಳಾಗಿಬಿಡುತ್ತವೆ, ಜುಲೈನಲ್ಲಿ ಮಾಪಕ ಕೆಟ್ಟ ದಿನ ಮಳೆ ಇಲ್ಲದ ದಿನವಾಗುತ್ತದೆ. ನನ್ ಹೌದೋ ಅಲ್ಲವೋ ಎಂದು ‘ಈಸ್’ ಬಳಸಿ ಸ್ಪಷ್ಟವಾಗಿ ಕೇಳಬೇಕು ಎಂಬ ಪೆಪ್ 8ರ ನಿಯಮ ಇದನ್ನೇ ತಡೆಯಲು ಹೊರಟಿದ್ದು. ಚಿಕ್ಕ ನಿಯಮ, ಆದರೆ ಪಟ್ಟಿಯಲ್ಲಿ ಇದಕ್ಕಿಂತ ಉಪಕಾರಿಯಾದದ್ದು ಹುಡುಕಿದರೂ ಸಿಗದು.

ಕಮೆಂಟ್ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದಕ್ಕೂ ಮಳೆಯ ಲೆಕ್ಕವೇ ಸಾಕು. ‘ಒಟ್ಟಿಗೆ ಮಳೆಯನ್ನು ಕೂಡಿಸು’ ಎಂಬ ಕಮೆಂಟ್ ಕೂಡಿಸುವ ಸಾಲಿನ ಮೇಲೆ ಇದ್ದರೆ ಅದು ವ್ಯರ್ಥ. ಹವಾಮಾನ ಇಲಾಖೆಯ ದಿನ ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರವರೆಗೆ. ಜೂನ್ 1ರ ತಾರೀಕಿನಲ್ಲಿ ದಾಖಲಾಗುವ ಮಳೆಯ ಬಹುಭಾಗ ಬಿದ್ದದ್ದು ಮೇ 31ರಂದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಾಪಕಗಳು ಹಗಲಿರುಳು ಕಡಿಮೆ ಅಂತರದಲ್ಲಿ ಅಳತೆ ಕಳಿಸುತ್ತಿರುತ್ತವೆ. ಅವನ್ನು ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಕೂಡಿಸಿದರೆ ಇಲಾಖೆಯ ಅಂಕಿಗೆ ತಾಳೆಯಾಗದು. ಹಾಗಾಗಿ ಪ್ರೋಗ್ರಾಮಿನಲ್ಲಿ ಎಂಟೂವರೆ ಗಂಟೆಯನ್ನು ಕಳೆದು ತಾರೀಕನ್ನು ಒಂದು ದಿನ ಮುಂದಕ್ಕೆ ಸರಿಸುವ ಒಂದು ಸಾಲು ಇರಬೇಕಾಗುತ್ತದೆ. ಕಾರಣ ಗೊತ್ತಿಲ್ಲದವರಿಗೆ ಆ ಸಾಲು ತಪ್ಪಿನಂತೆ ಕಾಣುತ್ತದೆ, ಒಳ್ಳೆಯ ಉದ್ದೇಶದಿಂದ ಯಾರಾದರೂ ಅಳಿಸಿಯೂ ಹಾಕುತ್ತಾರೆ. ಅದರ ಮೇಲೆ ಒಂದು ಸಾಲಿನ ಕಾರಣ ಬರೆದಿಡುವುದು ಕಮೆಂಟಿನ ನಿಜವಾದ ಬಳಕೆ. ಏನು ಮಾಡುತ್ತಿದೆ ಎಂಬುದು ಕೋಡಿನಿಂದಲೇ ತಿಳಿಯಬೇಕು, ಯಾಕೆ ಎಂಬುದನ್ನು ಕೋಡ್ ಹೇಳಲಾರದು. ಕೋಡನ್ನು ತಿದ್ದಿ ಕಮೆಂಟನ್ನು ಹಾಗೇ ಬಿಟ್ಟರೆ ಮಾತ್ರ ಕಮೆಂಟ್ ಇಲ್ಲದ ಸ್ಥಿತಿಗಿಂತ ಅದು ಕೆಟ್ಟದ್ದು.

ಕನ್ನಡ ಪಠ್ಯ

ಕನ್ನಡ ಪಠ್ಯದೊಂದಿಗೆ ಕೆಲಸ ಮಾಡುವ ಪೈಥಾನ್ ಕೋಡ್ ಅತಿ ಹೆಚ್ಚು ಎಡವುವುದು ‘ಅಕ್ಷರ’ದ ಕಲ್ಪನೆಯಲ್ಲಿ. ‘ಕತಗಾಲ’ ಎಂಬ ಹೆಸರಿನಲ್ಲಿ ಓದುವವರಿಗೆ ನಾಲ್ಕು ಅಕ್ಷರ. ಪೈಥಾನ್ 3ರ ‘ಲೆನ್’ ಫಂಕ್ಷನ್ ಐದು ಎನ್ನುತ್ತದೆ, ಗಕಾರಕ್ಕೆ ಹತ್ತಿದ ಆಕಾರದ ಗುರುತು ಯೂನಿಕೋಡ್‌ನಲ್ಲಿ ಬೇರೆಯೇ ಸಂಕೇತ. ಹಳೆಯ ಪೈಥಾನ್ 2ರ ಸಾಮಾನ್ಯ ಸ್ಟ್ರಿಂಗ್‌ನಲ್ಲಿ ಯುಟಿಎಫ್-8 ಪಠ್ಯಕ್ಕೆ ಉತ್ತರ 15 ಬರುತ್ತಿತ್ತು, ಅಲ್ಲಿ ಎಣಿಕೆಯಾಗುತ್ತಿದ್ದದ್ದು ಬೈಟ್‌ಗಳು. ‘ಹೊನ್ನಾವರ’ದಲ್ಲಿ ನಾಲ್ಕು ಅಕ್ಷರ, ಎಂಟು ಸಂಕೇತ. ‘ಭಟ್ಕಳ’ ಮತ್ತು ‘ಕುಮಟಾ’ ಎರಡರಲ್ಲೂ ಮೂರು ಅಕ್ಷರ, ಐದು ಸಂಕೇತ. ಈ ಉತ್ತರಗಳಲ್ಲಿ ಯಾವುದೂ ತಪ್ಪಲ್ಲ, ಪ್ರಶ್ನೆಗಳೇ ಬೇರೆ. ಮಾತ್ರೆ ಎಣಿಸಲೋ ಪದಬಂಧದ ಚೌಕ ತುಂಬಲೋ ಬರೆದ ಪ್ರೋಗ್ರಾಮಿನಲ್ಲಿ ‘ಲೆನ್’ ಕಂಡರೆ ಅದು ಅಡಗಿದ ದೋಷ. ಅಲ್ಲಿ ‘ಅಕ್ಷರಗಳನ್ನು_ಬಿಡಿಸು’ ಎಂಬ ಪ್ರತ್ಯೇಕ ಫಂಕ್ಷನ್ ಇರಬೇಕು. ‘ಬಸ್’ ಎಂಬಲ್ಲಿ ಕೊನೆಯ ಅರ್ಧಾಕ್ಷರವನ್ನು ಬೇರೆ ಎಣಿಸಬೇಕೋ ಬೇಡವೋ ಎಂಬ ತೀರ್ಮಾನ ಅದರ ಡಾಕ್‌ಸ್ಟ್ರಿಂಗ್‌ನಲ್ಲಿ ಬರೆದಿರಬೇಕು. ಆ ತೀರ್ಮಾನ ಕೋಡಿನಲ್ಲಿ ಅಡಗಿ ಕುಳಿತರೆ ಮುಂದಿನವರು ಅದನ್ನು ದೋಷವೆಂದು ತಿದ್ದುತ್ತಾರೆ.

ಪದಗಳನ್ನು ಹುಡುಕುವುದರಲ್ಲೂ ಇದೇ ಕಥೆ. ಪೈಥಾನ್‌ನ ರೆಗ್ಯುಲರ್ ಎಕ್ಸ್‌ಪ್ರೆಷನ್ ಮಾಡ್ಯೂಲಿನಲ್ಲಿ ‘ಪದದ ಅಕ್ಷರ’ ಎಂಬ ಸಿದ್ಧ ಗುರುತು ಸ್ವರಚಿಹ್ನೆಗಳನ್ನೂ ಅರ್ಧಾಕ್ಷರದ ಗುರುತನ್ನೂ ಅಕ್ಷರವೆಂದು ಒಪ್ಪುವುದಿಲ್ಲ. ಅದನ್ನು ನೆಚ್ಚಿ ‘ಕತಗಾಲ’ವನ್ನು ಹುಡುಕಿದರೆ ‘ಕತಗ’ ಮತ್ತು ‘ಲ’ ಎಂಬ ಎರಡು ತುಂಡು ಸಿಗುತ್ತದೆ. ‘ಕನ್ನಡ’ ಕೂಡ ‘ಕನ’, ‘ನಡ’ ಎಂದು ಒಡೆಯುತ್ತದೆ. ಪದದ ಎಣಿಕೆ, ಆವರ್ತನ ಪಟ್ಟಿ, ಕಾಗುಣಿತ ಪರೀಕ್ಷೆ ಎಲ್ಲವೂ ಇದರಿಂದ ಕೆಡುತ್ತವೆ. ಇಂಗ್ಲಿಷ್ ಪಠ್ಯಕ್ಕೆ ಬರೆದ ಉದಾಹರಣೆಯನ್ನು ನಕಲು ಮಾಡಿದವರಿಗೆ ಪ್ರೋಗ್ರಾಂ ಓಡಿದ್ದು ಮಾತ್ರ ಕಾಣುತ್ತದೆ. ಕನ್ನಡದ ಸಂಕೇತಗಳ ವ್ಯಾಪ್ತಿಯನ್ನು ಹೆಸರಿಟ್ಟ ಒಂದು ವಿನ್ಯಾಸವಾಗಿ ಬರೆದಿಟ್ಟುಕೊಳ್ಳುವುದು ಅಥವಾ ‘ರೆಜೆಕ್ಸ್’ ಎಂಬ ಬೇರೆ ಲೈಬ್ರರಿಯನ್ನು ಬಳಸುವುದು ಇದಕ್ಕೆ ಪರಿಹಾರ.

ಹೋಲಿಕೆಯ ತೊಡಕು ಇನ್ನೂ ಗುಟ್ಟಿನದು. ‘ಹೊ’ ಎಂಬಲ್ಲಿನ ಒಕಾರದ ಗುರುತನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಗುರುತುಗಳನ್ನು ಒಂದರ ಹಿಂದೊಂದು ಇಟ್ಟೂ ಬರೆಯಬಹುದು. ಹಳೆಯ ಫಾಂಟುಗಳಿಂದ ಪರಿವರ್ತಿಸಿದ ಪಠ್ಯದಲ್ಲಿ ಎರಡನೆಯ ರೂಪ ಬಂದಿರಲು ಸಾಧ್ಯ. ತೆರೆಯ ಮೇಲೆ ಎರಡೂ ಒಂದೇ, ಪೈಥಾನ್‌ಗೆ ಎರಡು ‘ಹೊನ್ನಾವರ’ಗಳು ಬೇರೆ ಬೇರೆ ಊರು. ಯೂನಿಕೋಡ್ ಇದಕ್ಕೆ ಸಾಮಾನ್ಯೀಕರಣದ ಕ್ರಮವನ್ನು ಕೊಟ್ಟಿದೆ, ಪೈಥಾನ್‌ನ ‘ಯೂನಿಕೋಡ್‌ಡೇಟಾ’ ಮಾಡ್ಯೂಲಿನಲ್ಲಿ ಅದು ಸಿದ್ಧವಿದೆ. ಅದನ್ನು ಕಂಡಕಂಡಲ್ಲಿ ಕರೆಯದೆ, ಪಠ್ಯ ಪ್ರೋಗ್ರಾಮಿನೊಳಗೆ ಬರುವ ಬಾಗಿಲಲ್ಲೇ ಒಮ್ಮೆ ನಡೆಸಿಬಿಡುವುದು ಅಚ್ಚುಕಟ್ಟಾದ ವಿನ್ಯಾಸ. ಒಳಗಿನ ಫಂಕ್ಷನ್ನುಗಳು ಆಮೇಲೆ ನಿಶ್ಚಿಂತೆಯಿಂದ ಹೋಲಿಸಬಹುದು.

ಅಕಾರಾದಿ ಜೋಡಣೆಯಲ್ಲಿ ಯೂನಿಕೋಡ್ ಸಂಕೇತಗಳ ಕ್ರಮವೂ ವರ್ಣಮಾಲೆಯ ಕ್ರಮವೂ ಪೂರ್ತಿ ಹೊಂದುವುದಿಲ್ಲ. ಯೂನಿಕೋಡ್‌ನಲ್ಲಿ ಳಕಾರ ಲಕಾರದ ಬೆನ್ನಿಗೇ ಬಂದರೆ, ನಿಘಂಟಿನಲ್ಲಿ ಅದು ಹಕಾರದ ನಂತರ. ‘ಸಾರ್ಟೆಡ್’ ಫಂಕ್ಷನ್ನಿಗೆ ಹಾಗೇ ಬಿಟ್ಟರೆ ‘ಬಳೆ’ ಮೊದಲು, ‘ಬಸಳೆ’ ಆಮೇಲೆ. ನಿಘಂಟು ಬಲ್ಲವರಿಗೆ ಇದು ತಿರುವುಮುರುವು. ಜೋಡಣೆಗೆ ಆಧಾರವಾಗುವ ಬೆಲೆಯನ್ನು ಕೊಡುವ ಚಿಕ್ಕ ಫಂಕ್ಷನ್ ಬರೆದು, ‘ನಿಘಂಟು_ಕ್ರಮ’ ಎಂಬಂತೆ ಅದನ್ನು ಹೆಸರಿಸಿ ‘ಸಾರ್ಟೆಡ್’ಗೆ ಒಪ್ಪಿಸಲು ಪೈಥಾನ್ ಅವಕಾಶ ಕೊಡುತ್ತದೆ.

ಕಡತ ತೆರೆಯುವಾಗ ಲಿಪಿ ಸಂಕೇತ ಯಾವುದೆಂದು ಹೇಳದೆ ಬಿಡುವುದು ಕನ್ನಡಿಗರಿಗೆ ದುಬಾರಿಯಾಗುವ ಇನ್ನೊಂದು ಊಹೆ. ಲಿನಕ್ಸ್, ಮ್ಯಾಕ್‌ಗಳಲ್ಲಿ ಯುಟಿಎಫ್-8 ರೂಢಿಯಿರುವುದರಿಂದ ನಡೆದುಹೋಗುತ್ತದೆ. ವಿಂಡೋಸ್‌ನಲ್ಲಿ ಪೈಥಾನ್ ಬಹುಕಾಲ ಯಂತ್ರದ ಸ್ಥಳೀಯ ಸಂಕೇತವನ್ನೇ ಹಿಡಿಯುತ್ತಿತ್ತು. ಆಗ ಕನ್ನಡದ ಬದಲು ಲ್ಯಾಟಿನ್ ಕಸ ಬರುತ್ತದೆ, ಇಲ್ಲವೇ ದೋಷ ಬಂದು ನಿಲ್ಲುತ್ತದೆ. 3.15ನೇ ಆವೃತ್ತಿಯಿಂದ ಎಲ್ಲೆಡೆ ಯುಟಿಎಫ್-8 ರೂಢಿಯಾಗಲಿ ಎಂದು ಪೆಪ್ 686 ತೀರ್ಮಾನಿಸಿದೆ. ಹಾಗಿದ್ದರೂ ಸಂಕೇತವನ್ನು ಬಾಯಿಬಿಟ್ಟು ಹೇಳಿದ ಕೋಡ್ ಯಾವ ಆವೃತ್ತಿಯಲ್ಲೂ ಯಾವ ಯಂತ್ರದಲ್ಲೂ ಒಂದೇ ರೀತಿ ನಡೆಯುತ್ತದೆ.

‘ನುಡಿ’, ‘ಬರಹ’ಗಳ ಆಸ್ಕಿ ಕಾಲದಲ್ಲಿ ಬೆರಳಚ್ಚಾದ ದಾಖಲೆಗಳನ್ನು ಯೂನಿಕೋಡ್‌ಗೆ ತರುವ ಪರಿವರ್ತಕಗಳಲ್ಲಿ ಹಲವು ಪೈಥಾನ್‌ನಲ್ಲೇ ಇವೆ. ಆ ಫಾಂಟುಗಳಲ್ಲಿ ಕನ್ನಡದ ಅಕ್ಷರಭಾಗಗಳು ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕುಳಿತಿರುತ್ತವೆ, ಅರ್ಕಾವತ್ತು ವ್ಯಂಜನದ ನಂತರ ಬರುತ್ತದೆ. ಯಾವ ಗುರುತಿಗೆ ಯಾವ ಅಕ್ಷರ ಎಂಬುದನ್ನು ನೂರಾರು ಷರತ್ತುಗಳಾಗಿ ಬರೆದವರ ಕೋಡನ್ನು ಯಾರೂ ತಿದ್ದಲಾರರು. ಹೊಂದಿಕೆಯನ್ನೆಲ್ಲ ಒಂದು ಪಟ್ಟಿಗೆ ಇಳಿಸಿ, ಅರ್ಕಾವತ್ತಿನ ಸ್ಥಾನಪಲ್ಲಟದಂಥ ನಿಜವಾದ ತರ್ಕವನ್ನಷ್ಟೇ ಫಂಕ್ಷನ್ನುಗಳಲ್ಲಿ ಉಳಿಸಿದರೆ ಪ್ರೋಗ್ರಾಮಿಂಗ್ ಬಾರದ ಬೆರಳಚ್ಚುಗಾರರೂ ಪಟ್ಟಿಯ ತಪ್ಪನ್ನು ಹುಡುಕಿಕೊಡಬಹುದು.

ಫಂಕ್ಷನ್ ಮತ್ತು ದತ್ತಾಂಶದ ಆಕಾರ

ಒಂದು ಫಂಕ್ಷನ್ ಒಂದೇ ಕೆಲಸ ಮಾಡಬೇಕೆಂಬ ನಿಯಮ ಎಲ್ಲ ಭಾಷೆಗಳಿಗೂ ಸಾಮಾನ್ಯ. ಕಡತ ಓದಿ, ಹೆಸರು ತಿದ್ದಿ, ವರ್ಗ ಹೇಳಿ, ಫಲಿತಾಂಶ ಮುದ್ರಿಸುವ ನೂರು ಸಾಲಿನ ಫಂಕ್ಷನ್ನನ್ನು ಪರೀಕ್ಷಿಸಲು ಪ್ರತಿ ಸಲವೂ ಕಡತವೇ ಬೇಕು. ವರ್ಗ ಹೇಳುವ ಭಾಗ ಬೇರೆಯಾದರೆ ಅದಕ್ಕೆ ಒಂದು ಸಂಖ್ಯೆ ಸಾಕು. ರಾಬರ್ಟ್ ಮಾರ್ಟಿನ್ 2008ರಲ್ಲಿ ಬರೆದ ‘ಕ್ಲೀನ್ ಕೋಡ್’ ಈ ಬಗೆಯ ನಿಯಮಗಳನ್ನು ಜನಪ್ರಿಯಗೊಳಿಸಿತು, ಆದರೆ ಅದರ ಉದಾಹರಣೆಗಳು ಜಾವಾದವು. ಅಲ್ಲಿನ ಅಭ್ಯಾಸಗಳನ್ನು ಹಾಗೇ ತಂದರೆ ಪೈಥಾನ್‌ಗೆ ಭಾರ. ಪ್ರತಿ ಗುಣಕ್ಕೂ ಓದುವ, ಬರೆಯುವ ಜೋಡಿ ಮೆಥಡ್‌ಗಳು ಇಲ್ಲಿ ಬೇಡ. ಒಂದೇ ಮೆಥಡ್ ಇರುವ ಕ್ಲಾಸಿನ ಬದಲು ಫಂಕ್ಷನ್ ಸಾಕು.

ದತ್ತಾಂಶಕ್ಕೆ ಸರಿಯಾದ ಆಕಾರ ಕೊಟ್ಟರೆ ಅರ್ಧ ಕೋಡ್ ತಾನಾಗಿ ಕರಗುತ್ತದೆ. ಕುಮಟಾದ ಎಪಿಎಂಸಿಯ ಅಡಿಕೆ ಧಾರಣೆಯಲ್ಲಿ ಚಾಲಿ, ಕೋಕಾ, ಚಿಪ್ಪು, ಫ್ಯಾಕ್ಟರಿ ಎಂಬ ದರ್ಜೆಗಳು ಬರುತ್ತವೆ, ಶಿರಸಿಯಲ್ಲಿ ರಾಶಿ, ಬೆಟ್ಟೆ, ಬಿಳಿಗೋಟು, ಕೆಂಪುಗೋಟು ಸೇರುತ್ತವೆ. ಪ್ರತಿಯೊಂದಕ್ಕೂ ಕ್ವಿಂಟಲ್ ಲೆಕ್ಕದಲ್ಲಿ ಕನಿಷ್ಠ, ಗರಿಷ್ಠ ಮತ್ತು ಹೆಚ್ಚು ಮಾರಾಟವಾದ ದರ. ಇವನ್ನು ಮೂರು ಸಂಖ್ಯೆಗಳ ಸಾಲಾಗಿ ಇಟ್ಟುಕೊಂಡ ಪ್ರೋಗ್ರಾಮಿನಲ್ಲಿ ಎರಡನೆಯದು ಯಾವುದೆಂದು ಪ್ರತಿ ಸಲ ನೆನಪಿಸಿಕೊಳ್ಳಬೇಕು. 2018ರ ಪೈಥಾನ್ 3.7ರಲ್ಲಿ ಬಂದ ‘ಡೇಟಾಕ್ಲಾಸ್’ ಇದನ್ನು ‘ಧಾರಣೆ’ ಎಂಬ ಹೆಸರಿನ ದಾಖಲೆಯಾಗಿಸಿ ಮಾರುಕಟ್ಟೆ, ದರ್ಜೆ, ಕನಿಷ್ಠ, ಗರಿಷ್ಠ ಎಂಬ ಅಂಗಗಳನ್ನು ಹೆಸರಿನಿಂದಲೇ ಕರೆಯಲು ಬಿಡುತ್ತದೆ. ‘ಚಾಲಿ’, ‘ಹಳೆ ಚಾಲಿ’, ‘ಹೊಸ ಚಾಲಿ’ ಒಂದೇ ಎಂದು ಕೂಡಿಸಬೇಕೋ ಬೇರೆಯೆಂದು ಇಡಬೇಕೋ ಎಂಬುದು ಪ್ರೋಗ್ರಾಮರ್ ಒಬ್ಬರೇ ತೀರ್ಮಾನಿಸುವ ವಿಷಯವಲ್ಲ. ವ್ಯಾಪಾರ ಬಲ್ಲವರನ್ನು ಕೇಳಿ, ಉತ್ತರವನ್ನು ಕೋಡಿನಲ್ಲಿ ಎಲ್ಲರಿಗೂ ಕಾಣುವ ಜಾಗದಲ್ಲಿ ಇಡಬೇಕಾಗುತ್ತದೆ. ಊರಿನ ಹೆಸರಿನ ರೂಪಾಂತರಗಳಿಗೂ ಇದೇ ಮಾತು. ಇಂಗ್ಲಿಷ್ ಕಡತಗಳಲ್ಲಿ ಹೊನ್ನಾವರಕ್ಕೆ ಒಂದು ನಕಾರವೂ ಉಂಟು, ಎರಡೂ ಉಂಟು.

ದೋಷಗಳನ್ನು ನುಂಗಿಹಾಕುವ ಅಭ್ಯಾಸ ಪೈಥಾನ್‌ನಲ್ಲಿ ಸುಲಭ, ಅದಕ್ಕೇ ಅಪಾಯಕಾರಿ. ಯಾವ ದೋಷವೆಂದು ಹೆಸರಿಸದೆ ‘ಎಕ್ಸೆಪ್ಟ್’ ಬರೆದು ಒಳಗೆ ಏನೂ ಮಾಡದೆ ಬಿಟ್ಟರೆ ಸಂಖ್ಯೆಯ ಜಾಗದಲ್ಲಿ ಗೀಟು ಬಂದದ್ದೂ ಗೊತ್ತಾಗದು, ಕಡತವೇ ಸಿಗದಿದ್ದದ್ದೂ ಗೊತ್ತಾಗದು. ನಿರೀಕ್ಷಿಸಿದ ದೋಷವನ್ನು ಮಾತ್ರ ಹಿಡಿದು ಉಳಿದವನ್ನು ಮೇಲಕ್ಕೆ ಬಿಡುವುದು ಒಳ್ಳೆಯ ಕ್ರಮ. ಪೂರ್ವನಿಯೋಜಿತ ಬೆಲೆಯಾಗಿ ಖಾಲಿ ಪಟ್ಟಿ ಕೊಡುವುದು ಇನ್ನೊಂದು ಹಳೆಯ ಬಲೆ. ಫಂಕ್ಷನ್ ರೂಪುಗೊಂಡಾಗ ಒಮ್ಮೆ ಹುಟ್ಟಿದ ಆ ಪಟ್ಟಿಯೇ ಪ್ರತಿ ಕರೆಯಲ್ಲೂ ಮರಳಿ ಬರುತ್ತದೆ, ನಿನ್ನೆಯ ಮಳೆ ಇಂದಿನ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ.

ಟೈಪ್, ಟೆಸ್ಟ್, ಸಲಕರಣೆ

2015ರ ಪೈಥಾನ್ 3.5ರಿಂದ ಫಂಕ್ಷನ್ನಿಗೆ ಕೊಡುವ ಮತ್ತು ಅದು ಮರಳಿಸುವ ಬೆಲೆಗಳು ಯಾವ ಬಗೆಯವೆಂದು ಬರೆದು ತೋರಿಸುವ ಅವಕಾಶ ಪೆಪ್ 484ರ ಮೂಲಕ ಬಂತು. ಪೈಥಾನ್ ನಡೆಯುವಾಗ ಈ ಬರಹವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಓದುವವರು ಮತ್ತು ಮೈಪೈನಂಥ ಪರೀಕ್ಷಕಗಳು ತೆಗೆದುಕೊಳ್ಳುತ್ತವೆ. ಮಳೆಯ ಅಳತೆ ‘ದಶಮಾಂಶ ಸಂಖ್ಯೆ ಅಥವಾ ನನ್’ ಎಂದು ಬರೆದಿಟ್ಟ ಕೂಡಲೆ ಅಳತೆ ಇಲ್ಲದ ದಿನವನ್ನು ಮರೆತ ಪ್ರತಿ ಸಾಲನ್ನೂ ಮೈಪೈ ಬೊಟ್ಟುಮಾಡುತ್ತದೆ. ಬರೆದವರ ಊಹೆಯನ್ನು ಯಂತ್ರ ಪರೀಕ್ಷಿಸಬಲ್ಲ ರೂಪಕ್ಕೆ ತರುವ ಮಟ್ಟಿಗೆ ಇದು ಕಮೆಂಟಿಗಿಂತ ಮೇಲು.

ಟೆಸ್ಟ್ ಇಲ್ಲದ ಕೋಡನ್ನು ತಿದ್ದಲು ಜನ ಹೆದರುತ್ತಾರೆ, ತಿದ್ದದ ಕೋಡ್ ಕೊಳೆಯುತ್ತದೆ. ಪೈಥಾನ್‌ನೊಂದಿಗೆ ‘ಯೂನಿಟ್‌ಟೆಸ್ಟ್’ ಸಿದ್ಧವಾಗಿಯೇ ಬರುತ್ತದೆ, ಹೆಚ್ಚಿನ ಯೋಜನೆಗಳು ಈಗ ಬಳಸುವುದು ‘ಪೈಟೆಸ್ಟ್’. ಒಳ್ಳೆಯ ಟೆಸ್ಟುಗಳು ಅಂಚಿನ ಬೆಲೆಗಳನ್ನು ಹಿಡಿಯುತ್ತವೆ: ಮಳೆಗೆ 64.4, 64.5, 115.55, ಸೊನ್ನೆ, ನನ್. ಅಕ್ಷರ ಬಿಡಿಸುವ ಫಂಕ್ಷನ್ನಿಗೆ ಕತಗಾಲ 4, ಭಟ್ಕಳ 3, ಜೊತೆಗೆ ಎರಡು ರೂಪದ ಹೊನ್ನಾವರಕ್ಕೂ 4. ಇಂಥ ಟೆಸ್ಟುಗಳ ಪಟ್ಟಿಯನ್ನು ಓದಿದರೆ ಪ್ರೋಗ್ರಾಂ ಏನನ್ನು ಒಪ್ಪಿಕೊಂಡಿದೆ ಎಂಬುದು ಬೇರೆ ದಾಖಲೆಯಿಲ್ಲದೆ ತಿಳಿಯುತ್ತದೆ.

ಸ್ಪೇಸು, ಸಾಲಿನ ಉದ್ದ, ಉದ್ಧರಣ ಚಿಹ್ನೆಗಳ ಚರ್ಚೆಯನ್ನು 2018ರಲ್ಲಿ ಬಂದ ‘ಬ್ಲ್ಯಾಕ್’ ಬಹುಮಟ್ಟಿಗೆ ಮುಗಿಸಿತು. ಅದು ಕಡತವನ್ನು ತನ್ನದೇ ಒಂದು ರೂಪಕ್ಕೆ ತಂದುಬಿಡುತ್ತದೆ, ಸಾಲಿಗೆ 88 ಅಕ್ಷರಸ್ಥಾನ ಕೊಡುತ್ತದೆ. ಫ್ಲೇಕ್8, ಪೈಲಿಂಟ್, ಇತ್ತೀಚಿನ ರಫ್ ಬಳಕೆಯಾಗದ ಹೆಸರು, ಹೆಸರಿಸದ ಎಕ್ಸೆಪ್ಟ್ ಮೊದಲಾದವನ್ನು ಹುಡುಕಿಕೊಡುತ್ತವೆ. ಈ ಸಲಕರಣೆಗಳಿಗೂ ಕನ್ನಡದ ಎದುರು ಮಿತಿಯಿದೆ. ಕನ್ನಡ ಅಕ್ಷರಗಳ ಅಗಲ ಸಮನಲ್ಲದ್ದರಿಂದ 79 ಅಥವಾ 88ರ ಎಣಿಕೆಗೂ ತೆರೆಯ ಮೇಲಿನ ಉದ್ದಕ್ಕೂ ಸಂಬಂಧ ತಪ್ಪುತ್ತದೆ, ಕಂಬಸಾಲಾಗಿ ಜೋಡಿಸಿದ ಕಮೆಂಟುಗಳು ವಕ್ರವಾಗುತ್ತವೆ. ಅಂದ ಸರಿಮಾಡುವ ಯಾವ ಸಲಕರಣೆಯೂ ಕೆಟ್ಟ ಹೆಸರನ್ನು ಒಳ್ಳೆಯದಾಗಿಸದು ಎಂಬುದು ಬೇರೆ ಮಾತು.

ಸಂಶೋಧಕರೂ ವಿದ್ಯಾರ್ಥಿಗಳೂ ಹೆಚ್ಚು ಬಳಸುವ ಜುಪಿಟರ್ ನೋಟ್‌ಬುಕ್‌ನಲ್ಲಿ ಕೋಶಗಳನ್ನು ಯಾವ ಕ್ರಮದಲ್ಲಾದರೂ ನಡೆಸಬಹುದು. ಅಳಿಸಿದ ಕೋಶದ ವೇರಿಯೇಬಲ್ ನೆನಪಿನಲ್ಲಿ ಉಳಿದಿರುವುದರಿಂದ ಬರೆದವರ ಯಂತ್ರದಲ್ಲಿ ಸರಿಬಂದದ್ದು ಬೇರೆಡೆ ಬರುವುದಿಲ್ಲ. ಎಲ್ಲವನ್ನೂ ಅಳಿಸಿ ಮೇಲಿನಿಂದ ಕೆಳಕ್ಕೆ ಮತ್ತೊಮ್ಮೆ ನಡೆಸಿ ನೋಡಿದ ನಂತರವೇ ಹಂಚುವುದು, ನೆಲೆಗೊಂಡ ಫಂಕ್ಷನ್ನುಗಳನ್ನು ಸಾಮಾನ್ಯ ಮಾಡ್ಯೂಲಿಗೆ ಸಾಗಿಸುವುದು ಇದಕ್ಕೆ ರೂಢಿಯ ಉಪಾಯ.

ನಿರ್ವಹಣೆ

ಪೈಥಾನ್‌ನ ಹೊಸ ಆವೃತ್ತಿ ಈಗ ವರ್ಷಕ್ಕೊಮ್ಮೆ ಅಕ್ಟೋಬರ್‌ನಲ್ಲಿ ಬರುತ್ತದೆ, ಪ್ರತಿಯೊಂದಕ್ಕೂ ಸುಮಾರು ಐದು ವರ್ಷ ಬೆಂಬಲವಿರುತ್ತದೆ. ಐದು ವರ್ಷ ಮೀರಿ ಬಾಳುವ ಯಾವ ಪ್ರೋಗ್ರಾಮೂ ಒಮ್ಮೆಯಾದರೂ ಆವೃತ್ತಿ ಬದಲಿಸಲೇಬೇಕು. ಯಾವ ಲೈಬ್ರರಿಯ ಯಾವ ಆವೃತ್ತಿ ಬೇಕೆಂದು ಯೋಜನೆಯ ಕಡತದಲ್ಲಿ ಬರೆದಿಟ್ಟು, ಪ್ರತಿ ಯೋಜನೆಗೂ ಬೇರೆ ವರ್ಚುಯಲ್ ಎನ್ವಿರಾನ್‌ಮೆಂಟ್ ಕಟ್ಟಿಕೊಂಡು, ಗಿಟ್‌ನಲ್ಲಿ ಬದಲಾವಣೆಯ ಕಾರಣ ದಾಖಲಿಸಿದವರಿಗೆ ಇದು ಒಂದು ಮಧ್ಯಾಹ್ನದ ಕೆಲಸ. ಪೈಥಾನ್ 2ರಿಂದ 3ಕ್ಕೆ ಬರುವಾಗ ಮಾತ್ರ ಹಾಗಿರಲಿಲ್ಲ. 2020ರ ಜನವರಿ 1ಕ್ಕೆ ಬೆಂಬಲ ಮುಗಿದ ಆ ಹಳೆಯ ಆವೃತ್ತಿಯಲ್ಲಿ ಪಠ್ಯವೂ ಬೈಟ್‌ಗಳೂ ಒಂದರೊಳಗೊಂದು ಬೆರೆತಿದ್ದವು. ಇಂಗ್ಲಿಷ್ ಪಠ್ಯದಲ್ಲಿ ಆ ಬೆರಕೆ ವರ್ಷಗಟ್ಟಲೆ ಹೊರಗೆ ಕಾಣದೆ ಉಳಿದರೆ, ಕನ್ನಡ ಪಠ್ಯದಲ್ಲಿ ಮೊದಲ ದಿನವೇ ದೋಷವಾಗಿ ಎದುರಾಗುತ್ತಿತ್ತು. ಓದುವಾಗ ಒಮ್ಮೆ ಪಠ್ಯವಾಗಿಸಿ, ಬರೆಯುವಾಗ ಒಮ್ಮೆ ಬೈಟ್‌ಗಳಾಗಿಸುವ ಶಿಸ್ತನ್ನು ಆಗಲೇ ಕಲಿತಿದ್ದ ಭಾರತೀಯ ಭಾಷೆಗಳ ಪ್ರೋಗ್ರಾಮುಗಳಿಗೆ ಈ ವಲಸೆಯಲ್ಲಿ ತಿದ್ದುವುದು ಕಡಿಮೆ ಉಳಿದಿತ್ತು.

ಇಷ್ಟೆಲ್ಲ ಶಿಸ್ತು ಎಲ್ಲ ಕೋಡಿಗೂ ಬೇಕಿಲ್ಲ. ಒಂದು ಸಂಜೆ ನಾಲ್ಕು ಕಡತಗಳ ಹೆಸರು ಬದಲಿಸಲು ಬರೆದ ಹತ್ತು ಸಾಲಿಗೆ ಟೆಸ್ಟೂ ಟೈಪೂ ಅತಿಯಾಯಿತು. ಆ ಹತ್ತು ಸಾಲನ್ನು ಎರಡನೆಯವರು ಕೇಳಿ ಪಡೆದಾಗ, ಇಲ್ಲವೇ ಮುಂದಿನ ಮಳೆಗಾಲಕ್ಕೂ ಅದು ಬೇಕಾದಾಗ, ಹೆಸರುಗಳಿಂದ ಶುರುಮಾಡಿ ತಿದ್ದುವ ಕೆಲಸ ಆರಂಭವಾಗುತ್ತದೆ.